ಬಣ್ಣಕ್ಕೆ ಮುಂಚಿನ ಕೆಲಸ

ವಿದ್ಯಾರಣ್ಯಪುರದ ಒಂದು ತರಬೇತಿ ಕೇಂದ್ರದಲ್ಲಿ ಈಗ ಕಾರಿಗೆ ಬಣ್ಣ ಹೊಡೆಯುವ ಕೆಲಸವನ್ನು ಹೆಣ್ಣುಮಕ್ಕಳಿಗೂ ಕಲಿಸುತ್ತಾರೆ. ಅಲ್ಲಿನ ಮೇಡಂ ನನ್ನನ್ನು ಕರೆಸಿ, ಹುಡುಗಿಯರ ಮುಂದೆ ನಾಲ್ಕು ಮಾತಾಡಿ ಎಂದರು. ಎದ್ದು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಒಂದು ಹಳೆಯ ಬಾನೆಟ್ಟಿನ ಮೇಲೆ ಅಂಗೈ ಆಡಿಸಿ ತೋರಿಸಿದೆ, ಮಿಕ್ಕಿದ್ದನ್ನು ಬರೆದು ಕೊಡುತ್ತೇನೆ ಎಂದು ಹೇಳಿ ಬಂದೆ. ನಾನು ಏಳನೇ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆ ಅಬ್ಬಿಗೆರೆಯಲ್ಲಿ. ಮನೆಗೆ ಅಂಟಿಕೊಂಡಂತೆ ಒಂದು ಶೀಟಿನ ಶೆಡ್ಡು. ಅದರಲ್ಲಿ ನಮ್ಮ ಯಜಮಾನರು ಮುನಿರಾಜು ಅವರೂ ನಾನೂ ಕಾರಿನ ಬಾಗಿಲು, ಬಾನೆಟ್ಟು, ಡಿಕ್ಕಿಯ ಮುಚ್ಚಳಗಳನ್ನು ಬಣ್ಣಕ್ಕೆ ತಯಾರು ಮಾಡುತ್ತಿದ್ದೆವು. ಅವರು ತೀರಿಕೊಂಡ ದಿನ ಆ ಶೆಡ್ಡಿನಲ್ಲಿ ಅನ್ವರ್ ಎಂಬ ಟ್ಯಾಕ್ಸಿ ಡ್ರೈವರಿನ ಕಾರಿನ ಎರಡು ಬಾಗಿಲು ಅರ್ಧ ಕೆಲಸದಲ್ಲಿ ನಿಂತಿದ್ದವು. ಅವುಗಳನ್ನು ನಾನು ಮುಗಿಸಬಲ್ಲೆನೇ ಎಂದು ಆಗ ನನಗೇ ಗೊತ್ತಿರಲಿಲ್ಲ. ಅದನ್ನು ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ. ಆದರೆ ಕೆಲಸ ಗೊತ್ತಿಲ್ಲದವರಿಗೆ ಆ ಬಾಗಿಲುಗಳ ಕಷ್ಟ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಕೆಲಸ.

ಬಣ್ಣ ಹೊಡೆಯುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚಿನದು ದಿನಗಟ್ಟಲೆ ಹಿಡಿಯುತ್ತದೆ. ಹಳೆಯ ಬಣ್ಣ ಕೆರೆಯಬೇಕು, ತುಕ್ಕು ತೆಗೆಯಬೇಕು, ತಗ್ಗಾದ ಕಡೆ ಪುಟ್ಟಿ ತುಂಬಬೇಕು, ಆ ಪುಟ್ಟಿಯನ್ನು ತೇದು ತಗಡಿನ ಸಮಕ್ಕೆ ತರಬೇಕು, ಪ್ರೈಮರ್ ಹೊಡೆದು ಮತ್ತೆ ತೇಯಬೇಕು. ಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹೊಳೆಯುವ ಬಣ್ಣ ಏನನ್ನೂ ಮುಚ್ಚುವುದಿಲ್ಲ, ಇದ್ದ ಉಬ್ಬುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ.

ನಮ್ಮ ಯಜಮಾನರು ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಸೆಲ್ವರಾಜ್ ಮೇಸ್ತ್ರಿಗಳ ಕೈಕೆಳಗೆ ಕೆಲಸ ಕಲಿತವರು. ಗ್ಯಾರೇಜಿನಲ್ಲಿ ಜಾಗ ಸಾಲದಾದಾಗ ಮೇಸ್ತ್ರಿಗಳು, ಬಿಚ್ಚಿದ ಬಾಗಿಲುಗಳನ್ನು ಮನೆಗೇ ಒಯ್ದು ತೇದು ತಾ ಎಂದು ಇವರಿಗೆ ಹೇಳಿದರು. ಲಗೇಜ್ ಆಟೋದಲ್ಲಿ ಮೊದಲ ಬಾನೆಟ್ಟು ಮನೆಗೆ ಬಂದ ದಿನ ಅದನ್ನು ಇಳಿಸಲು ಇನ್ನೊಂದು ಕೈ ಬೇಕಾಗಿತ್ತು. ಹಾಗೆ ಕೈ ಜೋಡಿಸಿದವಳು ಮತ್ತೆ ಬಿಡಿಸಿಕೊಳ್ಳಲಿಲ್ಲ. ಪುಟ್ಟಿ ಹಾಕುವುದು ಅವರದು, ತೇಯುವುದು ನನ್ನದು ಎಂದು ತಾನಾಗಿಯೇ ಹಂಚಿಕೆಯಾಯಿತು.

ತೇಯುವಾಗ ಎಮರಿ ಪೇಪರನ್ನು ಬರಿಗೈಯಲ್ಲಿ ಹಿಡಿಯಬಾರದು. ಬೆರಳಿನ ಒತ್ತು ಬಿದ್ದ ಕಡೆಯೆಲ್ಲ ಗೀರುಗೀರಾಗಿ ತಗ್ಗಾಗುತ್ತದೆ. ಚಪ್ಪಟೆಯಾದ ಏನನ್ನಾದರೂ ಒಳಗಿಟ್ಟು ಅದಕ್ಕೆ ಪೇಪರ್ ಸುತ್ತಬೇಕು. ಅಂಗಡಿಯ ರಬ್ಬರ್ ಬ್ಲಾಕು ಆಗ ನಮಗೆ ಸಿಗುತ್ತಿರಲಿಲ್ಲ. ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಬಳಸುತ್ತಿದ್ದೆವು. ಅದು ನಮ್ಮತ್ತೆಗೆ ಸಹಿಸಲಾಗಲಿಲ್ಲ.

"ವಸ್ತಿಲ ಒಳಗೆ ಚಪ್ಪಲಿ ತರಬ್ಯಾಡಿ ಅಂತ ಏಳೋ ಮನೆ ಇದು. ಸೊಸೆ ನೋಡುದ್ರೆ ಬೆಳಗ್ಗಿಂದ ಚಪ್ಪಲಿ ಕೈಲಿ ಇಡ್ಕಂಡು ಕುಂತವ್ಳೆ" ಎಂದರು.

"ಅಮ್ಮಾ, ಅದು ಚಪ್ಪಲಿ ಅಲ್ಲಮ್ಮ, ಸಾಮಾನು" ಎಂದರು ಇವರು.

"ಸಾಮಾನಾ? ಅಂಗಾದ್ರೆ ಆಯುಧಪೂಜೆಗೆ ಅದನ್ನೂ ಮಡಗಿ ಕುಂಕುಮ ಇಕ್ಕು, ನೋಡೋಣ."

ಆ ವರ್ಷ ಇವರು ನಿಜಕ್ಕೂ ಮಡಗಿದರು. ಕಂಪ್ರೆಸರ್, ಸ್ಪ್ರೇ ಗನ್ನು, ಪುಟ್ಟಿಯ ಬ್ಲೇಡುಗಳ ಸಾಲಿನಲ್ಲಿ ನನ್ನ ಚಪ್ಪಲಿಯ ತುಂಡೂ ಕುಂಕುಮ ಹಚ್ಚಿಕೊಂಡು ಕುಳಿತಿತ್ತು. ಅತ್ತೆ ಬಂದು ನೋಡಿದರು. ಅದರ ಮೇಲಿಂದ ಜಾರಿದ್ದ ಸೇವಂತಿಗೆ ಹೂವನ್ನು ಸರಿಯಾಗಿ ಇಟ್ಟು ಒಳಗೆ ಹೋದರು.

ನೀವು ಕಲಿಯಲೇಬೇಕಾದದ್ದು ಅಂಗೈಯಲ್ಲಿ ನೋಡುವುದು. ನಾನು ತೇದು ಕಳಿಸಿದ ಬಾನೆಟ್ಟಿನ ತುಂಬ ಮೇಸ್ತ್ರಿಗಳು ಸೀಮೆಸುಣ್ಣದಲ್ಲಿ ಸುತ್ತು ಹಾಕಿ ವಾಪಸು ಕಳಿಸುತ್ತಿದ್ದರು. ಎಷ್ಟು ದಿಟ್ಟಿಸಿದರೂ ಆ ಸುತ್ತುಗಳ ಒಳಗೆ ನನಗೆ ಏನೂ ಕಾಣುತ್ತಿರಲಿಲ್ಲ. ಒಮ್ಮೆ ಅವರೇ ಮನೆಗೆ ಬಂದರು. ಎಡಗೈ ಮುಂದೆ ಮಾಡು ಎಂದರು. ಎಡಗೈ ಯಾಕೆಂದರೆ ಬಲಗೈ ದುಡಿದು ಒರಟಾಗಿರುತ್ತದೆ. ಅಂಗೈ ಕೆಳಗೆ ಹಳೆಯ ಪಂಚೆಯ ತೆಳು ಬಟ್ಟೆ ಹಾಕಿ ಬಾನೆಟ್ಟಿನ ಮೇಲೆ ಇಡಿಸಿದರು.

"ನೋಡ್ಬೇಡ ಅಮ್ಮಾ. ಅತ್ಲಾಗೆ ತಿರುಗು, ಆ ಕರೆಂಟ್ ಕಂಬ ನೋಡು. ಕೈ ಮಾತ್ರ ಇಲ್ಲಿರ್ಲಿ" ಎಂದರು.

ಕಂಬ ನೋಡುತ್ತಾ ಕೈ ಎಳೆದೆ. ಸುತ್ತು ಹಾಕಿದ ಜಾಗ ಬಂದಾಗ ಅಂಗೈ ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ಅದಾದ ಮೇಲೆ ಮನೆಯಲ್ಲಿ ಏನು ಸಿಕ್ಕರೂ ಸವರಿ ನೋಡುವ ಹುಚ್ಚು ಹಿಡಿಯಿತು. ಮದುವೆಯಲ್ಲಿ ನನ್ನ ಅಪ್ಪ ಕೊಡಿಸಿದ್ದ ಕಬ್ಬಿಣದ ಬೀರುವಿನ ಬಾಗಿಲು ಮಧ್ಯದಲ್ಲಿ ತಗ್ಗಾಗಿದೆ ಎಂದು ಕಂಡುಹಿಡಿದು ಇವರಿಗೆ ಹೇಳಿದೆ.

"ಗೊತ್ತು ಕಣೇ, ಮೊದಲ್ನೇ ದಿನಾನೇ ಕೈಗೆ ಸಿಕ್ತು. ನಿಮ್ಮಪ್ಪಂಗೆ ಹೇಳಕ್ಕಾಗುತ್ತಾ?" ಎಂದು ನಕ್ಕರು.

ಮನೆಯಲ್ಲಿ ಕೆಲಸ ಮಾಡುವವರಿಗೆ ಮಾತ್ರ ಬರುವ ಒಂದು ತೊಂದರೆ ಹೇಳುತ್ತೇನೆ. ಒಮ್ಮೆ ಆರ್.ಟಿ. ನಗರದವರ ಬಾನೆಟ್ಟಿಗೆ ಪ್ರೈಮರ್ ಹೊಡೆದ ಕೂಡಲೇ ಅದರ ಮೈಮೇಲೆಲ್ಲ ಸಣ್ಣ ಸಣ್ಣ ಗುಳಿ ಬಿದ್ದವು. ಇದಕ್ಕೆ ಮೀನಿನ ಕಣ್ಣು ಎನ್ನುತ್ತಾರೆ. ತಗಡಿನ ಮೇಲೆ ಎಲ್ಲಾದರೂ ಎಣ್ಣೆ ಜಿಡ್ಡಿದ್ದರೆ ಪ್ರೈಮರ್ ಅಲ್ಲಿ ಕೂರದೆ ದೂರ ಸರಿಯುತ್ತದೆ. ಇವರು ಕಂಪ್ರೆಸರಿನ ಎಣ್ಣೆ ಗಾಳಿಯಲ್ಲಿ ಬರುತ್ತಿದೆ ಎಂದು ಫಿಲ್ಟರ್ ಬದಲಿಸಿದರು. ಥಿನ್ನರ್ ಬದಲಿಸಿದರು. ಪ್ರತಿ ಸಲ ಪೂರ್ತಿ ತೇದು ತೆಗೆಯುವುದು ನನ್ನ ಪಾಲು. ಆದರೂ ಗುಳಿ ತಪ್ಪಲಿಲ್ಲ. ಕೊನೆಗೆ ಮೇಸ್ತ್ರಿಗಳು ಬಂದು ಶೆಡ್ಡಿನ ಮಧ್ಯೆ ನಿಂತು ಗಾಳಿ ಮೂಸಿದರು.

"ಏನಮ್ಮಾ ಇವತ್ತು ಸಾರು?"

"ಹುರುಳಿಕಾಳ್ ಸಾರು ಮೇಸ್ತ್ರಿ. ಊಟ ಮಾಡ್ಕೊಂಡು ಹೋಗಿ."

"ಮಾಡ್ತೀನಿ. ಒಗ್ಗರಣೆ ಚೆನ್ನಾಗಿ ಬಿದ್ದಿದೆ. ಬಾನೆಟ್ ಮೇಲೂ ಬಿದ್ದಿದೆ."

ಅಡುಗೆಮನೆಯ ಕಿಟಕಿ ಶೆಡ್ಡಿಗೇ ತೆರೆದುಕೊಳ್ಳುತ್ತಿತ್ತು. ಕಾದ ಎಣ್ಣೆಯ ಹೊಗೆ ಬಂದು ನಾನು ಒರೆಸಿಟ್ಟ ತಗಡಿನ ಮೇಲೆ ಕೂರುತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು. ಪ್ರೈಮರ್ ಹೊಡೆಯುವ ದಿನ ಒಲೆಯ ಮೇಲೆ ಎಣ್ಣೆ ಕಾಯುವಂತಿಲ್ಲ. ಮುದ್ದೆ, ಉಪ್ಪುಸಾರು, ಮಜ್ಜಿಗೆ, ಅಷ್ಟೇ. ತಲೆಗೆ ಎಣ್ಣೆ ಹಚ್ಚಿಕೊಂಡವರು ಶೆಡ್ಡಿಗೆ ಬರುವಂತಿಲ್ಲ. "ಈ ಕಾರೋರು ನಮ್ ಬಾಯಿ ರುಚಿನೂ ತಕ್ಕಂಡ್ ಓದ್ರು" ಎಂದು ಅತ್ತೆ ಗೊಣಗುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಇವತ್ತು ಪ್ರೈಮರಾ ಅಕ್ಕ? ಘಮಾನೇ ಇಲ್ಲ" ಎನ್ನುವಷ್ಟು ಇದು ಬೀದಿಗೆಲ್ಲ ತಿಳಿದುಹೋಯಿತು. ಮೀನಿನ ಕಣ್ಣು ಮಾತ್ರ ಮತ್ತೆ ಬರಲಿಲ್ಲ.

ಕೆಲಸದ ರೀತಿ ನಮ್ಮ ಕಣ್ಣ ಮುಂದೆಯೇ ಬದಲಾಯಿತು. ಮೊದಲು ಸಿಗುತ್ತಿದ್ದ ಪುಟ್ಟಿಯನ್ನು ತೆಳ್ಳಗೆ ಹಾಕಿ, ಒಣಗಲು ಬಿಟ್ಟು, ಮತ್ತೆ ಹಾಕಬೇಕಾಗಿತ್ತು. ಆಮೇಲೆ ಗಟ್ಟಿಯಾಗಿಸುವ ಪೇಸ್ಟು ಬೆರೆಸುವ ಪುಟ್ಟಿ ಬಂತು. ಬೆರೆಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಒಮ್ಮೆ ಇವರು ಬೆರೆಸಿ ಕೈಯಲ್ಲಿ ಹಿಡಿದಿದ್ದಾಗ ಷಡ್ಡಕನ ಫೋನು ಬಂತು. ಅವರ ಮಗನಿಗೆ ಹೆಣ್ಣು ನೋಡಿದ ಕಥೆ ಕೇಳಿ ಮುಗಿಸುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ಕಲ್ಲಾಗಿತ್ತು, ಬ್ಲೇಡೂ ಅದರೊಳಗೇ ನಿಂತಿತ್ತು. ಆ ಕಲ್ಲು ಬಹಳ ಕಾಲ ನಮ್ಮ ಗೇಟಿಗೆ ಒತ್ತಾಗಿ ಬಿದ್ದಿತ್ತು.

ಈ ಪುಟ್ಟಿಯನ್ನು ಒಣಗಿದ ದಿನವೇ ತೇಯಬೇಕು. ತಡವಾದಷ್ಟೂ ಗಡಸಾಗುತ್ತದೆ. ನೀರು ಹಾಕಿ ತೇಯಬಾರದು, ಅದು ನೀರು ಕುಡಿಯುತ್ತದೆ. ಕುಡಿದ ನೀರು ಬಣ್ಣದ ಅಡಿಯಲ್ಲಿ ಕೆಲವು ತಿಂಗಳಾದ ಮೇಲೆ ಗುಳ್ಳೆಯಾಗಿ ಏಳುತ್ತದೆ. ಆಮೇಲೆ ತೇಯುವ ಮಿಷನ್ನೂ ಬಂತು. ದೊಡ್ಡ ಬಯಲಿಗೆ ಮಿಷನ್ನು ಸರಿ, ಅಂಚಿಗೆ ಕೈಯೇ ಆಗಬೇಕು. ಮಿಷನ್ನು ಅಂಚಿನ ತಗಡನ್ನು ಕ್ಷಣದಲ್ಲಿ ಬೆತ್ತಲೆ ಮಾಡಿಬಿಡುತ್ತದೆ, ನಾನು ಮಾಡಿ ನೋಡಿದ್ದೇನೆ. ಇನ್ನೊಂದು ಮಾತು. ನಾವು ಮೂಗಿಗೆ ಕರ್ಚೀಪು ಕಟ್ಟಿಕೊಂಡು ಕೆಲಸ ಮಾಡಿದವರು. ನೀವು ಹಾಗೆ ಮಾಡಬೇಡಿ. ಧೂಳಿಗೆ ಬೇರೆ ಮಾಸ್ಕು, ಸ್ಪ್ರೇಗೆ ಬೇರೆ ಮಾಸ್ಕು ಕೇಳಿ ಪಡೆಯಿರಿ. ಕೊಡದಿದ್ದರೆ ಗನ್ನು ಮುಟ್ಟಬೇಡಿ.

ಇನ್ನು ಅನ್ವರನ ಬಾಗಿಲುಗಳು.

ಅನ್ವರ್ ಚಿಕ್ಕಬಾಣಾವರದವನು, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಹೆಬ್ಬಾಳದ ಹತ್ತಿರ ಲಾರಿಯೊಂದು ಅವನ ಕಾರಿನ ಎಡಗಡೆ ಉಜ್ಜಿಕೊಂಡು ಹೋಗಿತ್ತು. ಮುಂದಿನ ಬಾಗಿಲಿಗೆ ಬರೀ ಗೀರು, ಹಿಂದಿನದಕ್ಕೆ ತಗ್ಗು. ಎಡಗಡೆಯ ಎರಡೂ ಬಾಗಿಲು ಬಿಚ್ಚಿ ನಮ್ಮ ಮನೆಗೆ ತಂದುಕೊಟ್ಟ. ಕಾರನ್ನು ಮನೆಯ ಮುಂದೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ. ಬಾಗಿಲು ತಯಾರಾದರೆ ಮೇಸ್ತ್ರಿಗಳ ಗ್ಯಾರೇಜಿನಲ್ಲಿ ಬಣ್ಣ. ಅಲ್ಲಿಯವರೆಗೆ ಅವನಿಗೆ ದುಡಿಮೆ ಇಲ್ಲ.

ಆಷಾಢದ ಗಾಳಿ, ಬಿಟ್ಟು ಬಿಟ್ಟು ಜಿನುಗು ಮಳೆ. ಬೆಳಿಗ್ಗೆ ಇವರು ಹಿಂದಿನ ಬಾಗಿಲಿಗೆ ಪುಟ್ಟಿ ಹಾಕಿದರು. ನಾನು ಮುಂದಿನ ಬಾಗಿಲಿನ ಹಳೆಯ ಬಣ್ಣವನ್ನು ತಗಡು ಕಾಣುವವರೆಗೂ ತೇಯುತ್ತಿದ್ದೆ. ಇವರು ಬ್ಲೇಡು ಒರೆಸಿಟ್ಟು, "ಎದೆ ಒಂಥರಾ ಹಿಡ್ಕೊಂಡಂಗೈತೆ ಕಣೇ, ಸ್ವಲ್ಪ ನೀರು ಕೊಡು" ಎಂದು ಜಗಲಿಯ ಮೇಲೆ ಕುಳಿತರು. ನಾನು ನೀರು ತರುವಷ್ಟರಲ್ಲಿ ಒರಗಿದ್ದರು. ಆಸ್ಪತ್ರೆ ಸೇರುವ ಮುಂಚೆಯೇ ಎಲ್ಲ ಮುಗಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಮಣ್ಣು ಮಾಡಿ ಬಂದ ಮಾರನೆಯ ದಿನ, ಮನೆಯ ತುಂಬ ನೆಂಟರಿರುವಾಗ, ನನ್ನ ಕಣ್ಣು ಶೆಡ್ಡಿನ ಕಡೆ ಹೋಯಿತು. ನಾನು ಬೆತ್ತಲೆ ಮಾಡಿದ್ದ ಮುಂದಿನ ಬಾಗಿಲಿಗೆ ತೆಳ್ಳಗೆ ಕಂದು ಬಣ್ಣ ಬಂದಿತ್ತು. ಬರಿ ತಗಡನ್ನು ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಸೂತಕದ ಮನೆಯಲ್ಲಿ ಕೆಲಸ ಮಾಡುವಂತಿಲ್ಲ. ಸುಮ್ಮನೆ ಕುಳಿತೆ. ಆದರೆ ಕೈ ಸುಮ್ಮನಿರಲಿಲ್ಲ, ಸೆರಗಿನ ಅಂಚನ್ನು ತೇಯುತ್ತಿತ್ತು.

ಅನ್ವರ್ ದಿನವೂ ಬರುತ್ತಿದ್ದ. ನೆಂಟರಿಗೆಂದು ಹಾಲು, ಬ್ರೆಡ್ಡು ತಂದಿಟ್ಟು ಕಾಂಪೌಂಡಿನ ಪಕ್ಕ ನಿಲ್ಲುತ್ತಿದ್ದ. ಬಾಗಿಲಿನ ವಿಷಯ ಒಂದು ದಿನವೂ ಎತ್ತಲಿಲ್ಲ. ಕೊನೆಗೆ ನಾನೇ ಹೇಳಿದೆ.

"ಅನ್ವರ್, ನಿನ್ನ ಬಾಗ್ಲು ಹಂಗೇ ನಿಂತಿದೆ ಕಣೋ."

"ಇರ್ಲಿ ಬಿಡಕ್ಕ. ಬಾಗ್ಲಿಲ್ಲದ ಕಾರು, ಎಲ್ಲಿಗ್ ಓಡೋಗುತ್ತೆ? ಒಳಗಡೆ ಗಾಳಿನೂ ಚೆನ್ನಾಗ್ ಬರ್ತಿದೆ" ಎಂದ. ನಗಿಸಲು ಹೇಳಿದ ಮಾತು. ಆದರೆ ಅವನ ಕಣ್ಣು ಕೆಂಪಾಗಿತ್ತು. ಯಜಮಾನರನ್ನು ಅವನು ಮುನಿರಾಜಣ್ಣ ಎಂದು ಹಿಂದೆ ಹಿಂದೆ ಸುತ್ತುತ್ತಿದ್ದವನು.

ಅವನು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು. ಮಗನನ್ನು ಕಳೆದುಕೊಂಡ ಮೇಲೆ ಅವರು ಯಾರ ಜೊತೆಯೂ ಮಾತಾಡಿರಲಿಲ್ಲ.

"ಆ ತಗಡು ಕೆಡ್ತಾ ಅದಾ?"

"ಹೂಂ ಅತ್ತೆ."

"ಎದ್ದು ಓಗಿ ಮಾಡು ಮತ್ತೆ."

"ಸೂತಕ ಅತ್ತೆ. ನೆಂಟ್ರು ಏನಂತಾರೆ?"

"ಅನ್ಲಿ. ನನ್ ಮಗನ ಸೂತಕ, ನಾನ್ ಏಳ್ತಾ ಇವ್ನಿ. ಒಲೆ ಮ್ಯಾಲೆ ಎಣ್ಣೆ ಇಲ್ಲ, ನಿನ್ ತಲೆಗೆ ಎಣ್ಣೆ ಇಲ್ಲ. ನಿನ್ ಪ್ರೈಮರಿಗೆ ಇನ್ನೇನ್ ಬೇಕು?"

ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಅದು ನಮ್ಮ ಮನೆಯಲ್ಲಿ ಪ್ರೈಮರ್ ದಿನದ ಕಟ್ಟಳೆಯೂ ಆಗಿತ್ತು ಎಂಬುದು ಅತ್ತೆ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅಂದೇ ಮುಂದಿನ ಬಾಗಿಲಿನ ತುಕ್ಕು ತೇದು ತೆಗೆದು, ಥಿನ್ನರಿನಲ್ಲಿ ಒರೆಸಿ, ಪ್ರೈಮರ್ ಹೊಡೆದೆ. ಚೆನ್ನಾಗಿ ಕೂತಿತು.

ಹಿಂದಿನ ಬಾಗಿಲು ಮಾತ್ರ ಮುಟ್ಟಲಾಗಲಿಲ್ಲ. ಅದರ ಮೇಲೆ ಇವರು ಆ ಬೆಳಿಗ್ಗೆ ಹಾಕಿದ ಪುಟ್ಟಿ ಹಾಗೆಯೇ ಇತ್ತು. ಬ್ಲೇಡು ಎಳೆದ ಗೆರೆಗಳು ಒಂದರ ಪಕ್ಕ ಒಂದು. ಕೆಳಗಿನ ಅಂಚಿನಲ್ಲಿ ಅವರು ಹೆಬ್ಬೆರಳಿನಿಂದ ಒತ್ತಿ ಸವರಿದ ಗುರುತು, ಬೆರಳಿನ ಸುಳಿ ಕಾಣುವಷ್ಟು ಸ್ಪಷ್ಟವಾಗಿ. ನನ್ನ ಕೆಲಸ ಏನು? ಆ ಗೆರೆಗಳನ್ನೂ ಆ ಗುರುತನ್ನೂ ತೇದು ಇಲ್ಲವಾಗಿಸುವುದು. ಅಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೆ. ಈಗ ಕೈ ಏಳಲಿಲ್ಲ. ಬಾಗಿಲನ್ನು ಒಳಗೆ ಹಜಾರಕ್ಕೆ ತಂದು, ತೇವ ತಾಕದಂತೆ ನನ್ನ ಹಳೆಯ ಸೀರೆ ಹೊದಿಸಿ ಗೋಡೆಗೆ ಒರಗಿಸಿಟ್ಟೆ.

ತಿಥಿ ಮುಗಿದ ಮೇಲೆ ಸೆಲ್ವರಾಜ್ ಮೇಸ್ತ್ರಿಗಳು ಟೆಂಪೋ ತಂದರು. ಆಗಲೇ ಅವರಿಗೂ ವಯಸ್ಸಾಗಿತ್ತು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

"ಎರಡೂ ಬಾಗ್ಲು ತಗೊಂಡ್ಹೋಗ್ತೀನಮ್ಮಾ. ಪಾಪ, ಆ ಹುಡುಗನ ಗಾಡಿ ನಿಂತುಹೋಗಿದೆ. ನಮ್ಮ ಗ್ಯಾರೇಜಲ್ಲಿ ಮುಗಿಸ್ತಾರೆ. ನೀನು ಇನ್ನು ಕಷ್ಟಪಡಬೇಡ."

"ಹಿಂದಿನ ಬಾಗ್ಲಿಗೆ ಅವರು ಪುಟ್ಟಿ ಹಾಕಿದ್ದಾರೆ ಮೇಸ್ತ್ರಿ."

"ಅದು ಇಷ್ಟು ದಿನ ಮಳೇಲಿ ನಿಂತು ನೀರು ಕುಡಿದಿರುತ್ತೆ. ಎಲ್ಲ ಕೆತ್ತಿ ತೆಗೆದು ಹೊಸದಾಗಿ ಹಾಕಿಸ್ತೀನಿ."

ಎಲ್ಲ ಕೆತ್ತಿ ತೆಗೆದು ಎಂಬ ಮಾತು ಕೇಳಿದ ಮೇಲೆ ನನಗೆ ತಿಳಿವು ಬಂತು. ನಾನು ತೇದರೆ ಮೇಲಿನ ಹೆಚ್ಚುವರಿ ಮಾತ್ರ ಹೋಗುತ್ತದೆ. ತಗ್ಗಿನಲ್ಲಿ ತುಂಬಿದ್ದು ತಗಡಿನ ಜೊತೆ ಉಳಿಯುತ್ತದೆ. ತೇಯದೆ ಬಿಟ್ಟರೆ ಅವರು ಕೊನೆಯ ಬಾರಿ ಮಾಡಿದ ಕೆಲಸ ಪೂರ್ತಿ ಕಸದ ಬುಟ್ಟಿಗೆ.

"ಅದು ನೀರು ಕುಡಿದಿಲ್ಲ ಮೇಸ್ತ್ರಿ, ಹಜಾರದಲ್ಲಿ ಹೊದಿಸಿಟ್ಟಿದೀನಿ. ಕೆತ್ತಬೇಡಿ. ಎರಡು ದಿನ ಬಿಟ್ಟು ಬನ್ನಿ, ತೇದು ಇಟ್ಟಿರ್ತೀನಿ" ಎಂದೆ. ಖಾಲಿ ಟೆಂಪೋ ವಾಪಸು ಹೋಯಿತು.

ಮಾರನೆಯ ಬೆಳಿಗ್ಗೆ ಬಾಗಿಲನ್ನು ಬೆಳಕಿಗೆ ತಂದು ಬೆಂಚಿನ ಮೇಲೆ ಮಲಗಿಸಿದೆ. ಅಷ್ಟು ದಿನ ಬಿಟ್ಟಿದ್ದರಿಂದ ಪುಟ್ಟಿ ಕಲ್ಲಿನಂತಾಗಿತ್ತು. ಎಂಬತ್ತನೇ ನಂಬರಿನ ಒರಟು ಪೇಪರ್ ಸುತ್ತಿಕೊಂಡು, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಲು ಶುರು ಮಾಡಿದೆ. ಮೊದಲು ಹೋದದ್ದು ಗೆರೆಗಳು. ಕೈ ತಾನೇ ತಾನಾಗಿ ನಡೆಯುತ್ತಿತ್ತು, ಕಣ್ಣು ಮಂಜಾಗಿದ್ದರೂ ತೊಂದರೆಯಾಗಲಿಲ್ಲ. ಹೆಬ್ಬೆರಳಿನ ಗುರುತಿನ ಹತ್ತಿರ ಬಂದಾಗ ನಿಲ್ಲಿಸಿದೆ. ಅತ್ತೆ ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದರು.

"ಮೆತ್ತಗೆ ತೇಯೇ. ಎಲ್ಲಾನೂ ತೇದ್ಬಿಡಬ್ಯಾಡ" ಎಂದರು.

"ಎಲ್ಲ ತೇಯಲ್ಲ ಅತ್ತೆ. ಮೇಲಿದ್ದದ್ದು ಅಷ್ಟೇ ಹೋಗೋದು. ಒಳಗೆ ತುಂಬಿರೋದು ಹಂಗೇ ಇರುತ್ತೆ."

ಅವರಿಗೆ ನಂಬಿಕೆ ಬರಲಿಲ್ಲ. ನಾನು ಆ ಗುರುತಿನ ಮೇಲೆ ಪೇಪರ್ ಎಳೆದೆ. ಧೂಳು ಒರೆಸಿದಾಗ ಸುತ್ತಲೂ ತಗಡು ಹೊಳೆಯುತ್ತಿತ್ತು. ನಡುವೆ, ಲಾರಿ ತಾಗಿ ಒಳಗೆ ಹೋಗಿದ್ದ ಜಾಗದ ಆಕಾರಕ್ಕೇ ಸರಿಯಾಗಿ, ಅವರ ಪುಟ್ಟಿ ನಸುಬೂದು ಬಣ್ಣದಲ್ಲಿ ನಿಂತಿತ್ತು. ಅತ್ತೆಯನ್ನು ಕರೆದು ಅವರ ಕೈ ಹಿಡಿದು ಅದರ ಮೇಲೆ ಇಡಿಸಿದೆ. ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಎಲ್ಲಿ ತಗಡು, ಎಲ್ಲಿ ಅವನ್ದು ಅಂತ ಗೊತ್ತೇ ಆಗಲ್ವಲ್ಲೇ" ಎಂದರು.

"ಗೊತ್ತಾಗಬಾರ್ದು ಅತ್ತೆ. ಗೊತ್ತಾಗ್ದಂಗೆ ಮಾಡೋದೇ ಕೆಲಸ."

ಆಮೇಲೆ ನೂರ ಎಂಬತ್ತು, ಮುನ್ನೂರ ಇಪ್ಪತ್ತು ಎಂದು ನಯವಾದ ಪೇಪರುಗಳಿಗೆ ಹೋದೆ. ಪ್ರೈಮರ್ ಹೊಡೆದು, ಅದರ ಮೇಲೆ ಕಪ್ಪು ಪುಡಿ ಸವರಿ ಮತ್ತೆ ತೇದೆ. ತಗ್ಗು ಉಳಿದಿದ್ದರೆ ಅಲ್ಲಿ ಕಪ್ಪು ನಿಲ್ಲುತ್ತದೆ. ಎಲ್ಲಿಯೂ ನಿಲ್ಲಲಿಲ್ಲ. ಇಷ್ಟು ಬಾಗಿಲು ತೇದಿದ್ದೇನೆ, ಅಷ್ಟು ಸಮ ಬಂದದ್ದು ಇನ್ನೊಂದಿಲ್ಲ. ಹೆಮ್ಮೆಯಿಂದಲೇ ಹೇಳುತ್ತೇನೆ. ತುಂಬಿದವರು ಅವರು, ತೇದವಳು ನಾನು. ಅಷ್ಟು ವರ್ಷದ ಜೊತೆಗೆಲಸ ಅದರಲ್ಲಿ ಪೂರ್ತಿ ಇಳಿದಿತ್ತು.

ಹೇಳಿದ ದಿನ ಮೇಸ್ತ್ರಿಗಳು ಬಂದರು, ಅನ್ವರನೂ ಟೆಂಪೋದ ಹಿಂದೆ ನಿಂತು ಬಂದಿದ್ದ. ಮೇಸ್ತ್ರಿಗಳು ಎರಡು ಬಾಗಿಲನ್ನೂ ಸವರಿದರು. ಹಿಂದಿನ ಬಾಗಿಲನ್ನು ಮೇಲಿನಿಂದ ಕೆಳಗೆ, ಓರೆಯಾಗಿ, ಮತ್ತೆ ಅಡ್ಡಲಾಗಿ ಸವರಿದರು. ಪುಟ್ಟಿ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಅವರಿಗೆ ಸಿಗಲಿಲ್ಲ. ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಹೊರಗೆ ತೆಗೆಯದೆ, "ಹತ್ತಿಸಪ್ಪಾ" ಎಂದು ಅನ್ವರನಿಗೆ ಹೇಳಿದರು.

ಅನ್ವರ್ ಹಿಂದಿನ ಬಾಗಿಲನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ, ತನ್ನ ಜಾಕೆಟ್ಟನ್ನೇ ಕೆಳಗೆ ಹಾಸಿ ಮಲಗಿಸಿದ. ಟೆಂಪೋ ಹೊರಡುವ ಮುಂಚೆ ಮೇಸ್ತ್ರಿಗಳು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಗ್ಯಾರೇಜಲ್ಲಿ ಇನ್ನೂ ಎರಡು ಬಾನೆಟ್ ಇದೆ ಅಮ್ಮಾ. ಪುಟ್ಟಿ ಹಾಕಿಸಿ ಕಳಿಸ್ಲಾ? ತೇದು ಕೊಡ್ತೀಯಾ?"

ನಾನು ಶೆಡ್ಡಿನ ಒಳಗೆ ನೋಡಿದೆ. ಅವರ ಬ್ಲೇಡುಗಳು ಒರೆಸಿಟ್ಟ ಹಾಗೆಯೇ ಗೂಡಿನಲ್ಲಿದ್ದವು.

"ಕಳ್ಸಿ ಮೇಸ್ತ್ರಿ. ಪುಟ್ಟಿ ಹಾಕಿಸ್ಬೇಡಿ, ಹಂಗೇ ಕಳ್ಸಿ" ಎಂದೆ. "ಪುಟ್ಟಿ ನಾನೇ ಹಾಕ್ತೀನಿ."